ಎಡಹೆಗಲು ಇಳಿದ ಗೊಂಬೆ

ಆ ಹೆಂಗಸು ಮತ್ತೆ ಗೇಣು ಹಾಕುತ್ತಿದ್ದಳು. ಗೊಂಬೆಯ ಹೆಗಲಿನಿಂದ ಸೊಂಟದವರೆಗೆ, ಸೊಂಟದ ಸುತ್ತ, ಆಮೇಲೆ ಬೆನ್ನಿನ ಅಗಲ. ಕೈ ನಿಧಾನ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಲೆಕ್ಕ ಇಟ್ಟುಕೊಳ್ಳುತ್ತಿದ್ದಾಳೆ, ಸಂಶಯವೇ ಇಲ್ಲ ಎಂದುಕೊಂಡಳು ಬುಟೀಕಿನ ಒಡತಿ, ಹೂದಾನಿಗಳ ಸಾಲಿನ ಹಿಂದೆ ನಿಂತು.

ಗೊಂಬೆಯ ಮೇಲಿದ್ದದ್ದು ನೀಲಿ ಗೌನು, ಒಡತಿಯೇ ಕತ್ತರಿಸಿ ಹೊಲಿದದ್ದು. ಆ ಬೀದಿಯ ತುಂಬ ಇಂಥವೇ ಪುಟ್ಟ ಅಂಗಡಿಗಳು: ಬಟ್ಟೆ, ಪಿಂಗಾಣಿ, ಪರದೆ, ದೀಪ. ಎಲ್ಲರ ಹೊಟ್ಟೆಪಾಡೂ ತಮ್ಮ ಕೈಯ ಹೊಸತನದ ಮೇಲೆ. ಚೆಂದದ್ದೊಂದು ಗಾಜಿನ ಹಿಂದೆ ಬಂತೋ, ದೊಡ್ಡ ಅಂಗಡಿಯವರು ಅಳತೆ ಕದ್ದು ಅರ್ಧ ಬೆಲೆಗೆ ಮಾರುತ್ತಾರೆ. ಹೋದ ವರ್ಷ ಹಾಗೇ ಆಗಿ ಒಡತಿ ಬೀಗ ಹಾಕುವುದೊಂದು ಬಾಕಿ ಇತ್ತು. ಈ ಗೌನೂ ಕೈಬಿಟ್ಟರೆ ಅಂಗಡಿಯ ಕಥೆ ಮುಗಿದಂತೆಯೇ.

“ನಿಮಗೆ ನೋಡ್ತಿದ್ದೀರೇನಮ್ಮ?” ಎಂದಳು ಮುಂದೆ ಬಂದು.

“ಇಲ್ಲಮ್ಮ, ಮಗಳಿಗೆ.”

“ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ. ಹಾಕಿ ನೋಡಿದ್ರೆ ಗೊತ್ತಾಗತ್ತೆ.”

“ಹಾಕಿ ನೋಡೋದೇನೂ ಬೇಡ.” ಹೆಂಗಸು ಗೊಂಬೆಯ ಎಡಹೆಗಲನ್ನು ಸವರಿದಳು. “ಸರಿಯಾಗೇ ಕೂತಿದೆ.”

ಕುಂಬಳಕಾಯಿ ಕಳ್ಳ ಎಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇವಳು ಗೊಂಬೆಯ ಹೆಗಲು ಮುಟ್ಟುತ್ತಾಳೆ!

ಅದೂ ಎಂಥ ಗೊಂಬೆ? ತಲೆಯಿಲ್ಲ, ಮರದ ಒಂಟಿಕಾಲು. ಮುದುಕ ದರ್ಜಿಯೊಬ್ಬ ತೀರಿಕೊಂಡಾಗ ಅವನ ಅಂಗಡಿಯ ಸಾಮಾನಿನ ಜೊತೆ ಅಗ್ಗಕ್ಕೆ ಸಿಕ್ಕಿದ್ದು. ಮೈಮೇಲೆಲ್ಲ ಪದರ ಪದರವಾಗಿ ಹತ್ತಿ ಒತ್ತಿ ಬಟ್ಟೆ ಹೊಲಿದಿತ್ತು. ಎಡಹೆಗಲು ಇಳಿದಿದೆ, ಎದೆ ಬಡಕಲು, ಬೆನ್ನು ತುಸು ಬಾಗಿದೆ. ದರ್ಜಿಗೆ ಕಣ್ಣು ಮಂಜಾಗಿತ್ತೇನೋ ಎಂದು ಒಡತಿ ಗೊಣಗಿದ್ದಳು.

ಅದು ಬಂದಾಗಿನಿಂದ ಅಂಗಡಿಯಲ್ಲಿ ಏನೋ ಸರಿಯಿರಲಿಲ್ಲ. ಯಾವ ಬಟ್ಟೆ ತೊಡಿಸಿದರೂ ಒಳಗೆ ಯಾರೋ ನಿಂತ ಹಾಗೆ. ಬೆನ್ನು ತಿರುಗಿಸಿದರೆ ಕತ್ತಿನ ಹಿಂದೆ ಚಳುಕು. ಒಂದು ಸಂಜೆ ನೋಡಿದರೆ ಗೌನಿನ ಹೆಗಲು ಒದ್ದೆಯಾಗಿತ್ತು. ಹೊರಗೆ ಮಳೆಯಿಲ್ಲ, ಮೇಲೆ ನಲ್ಲಿಯಿಲ್ಲ. ಇನ್ನೊಮ್ಮೆ ಬಟ್ಟೆಯಿಂದ ತಲೆಗೆಣ್ಣೆಯ ವಾಸನೆ, ತಲೆಯೇ ಇಲ್ಲದ ಗೊಂಬೆಗೆ.

“ದರ್ಜಿ ಅಳತೆ ಮುಗಿಸದೇ ಹೋದ ಅಂತ ಕಾಣ್ಸತ್ತಕ್ಕ, ಇನ್ನೂ ಅಳೀತಿದ್ದಾನೆ,” ಎಂದು ಪಕ್ಕದ ದೀಪದಂಗಡಿಯವನು ತಮಾಷೆ ಮಾಡಿದ. ಒಡತಿಗೆ ನಗು ಬರಲಿಲ್ಲ. ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಅಂಗಡಿ ಮುಚ್ಚುವಾಗ ಗೊಂಬೆಗೆ ಹೊದಿಕೆ ಹಾಕತೊಡಗಿದಳು. ಆಗ ಯಾರೋ ಚಳಿಗೆ ಹೊದ್ದು ನಿಂತ ಹಾಗೆ ಕಂಡು ಇನ್ನಷ್ಟು ಹೆದರಿದಳು.

ಕೊನೆಗೆ ಹಾಸಿಗೆ ಹೊಲಿಯುವವನನ್ನು ಕರೆಸಿದಳು.

“ಹತ್ತಿಯೆಲ್ಲ ಕಿತ್ತು ಹೆಗಲು ಸಮ ಮಾಡಪ್ಪ. ಪೀಡೆ ತೊಲಗಲಿ.”

“ಹತ್ತಿ ಚೆನ್ನಾಗಿದೆಯಲ್ಲಮ್ಮ. ಬಿಸಾಕೋದಾ?”

ಭಯ ಭಯದ ಕಡೆ, ವ್ಯಾಪಾರ ವ್ಯಾಪಾರದ ಕಡೆ. “ದಿಂಬಿಗೆ ತುಂಬು,” ಎಂದಳು.

ದಿಂಬುಗಳು ಕಪಾಟಿಗೇರಿದ್ದೇ ತಡ, ಮಾರಿಹೋದವು. ತಲೆಯಿಟ್ಟರೆ ಯಾರೋ ತೊಡೆ ಕೊಟ್ಟ ಹಾಗಿದೆ ಎಂದಳು ಕೊಂಡವಳೊಬ್ಬಳು. ಒಂದನ್ನು ಒಡತಿ ತನ್ನ ಕುರ್ಚಿಗೇ ಇಟ್ಟುಕೊಂಡಳು. ಗೊಂಬೆ ಈಗ ಬರೀ ಗೊಂಬೆಯಾಗಿತ್ತು. ಬೆನ್ನ ಹಿಂದೆ ದಿಂಬು ಬಿಟ್ಟರೆ ಬೇರೇನೂ ಇರಲಿಲ್ಲ. ಒಡತಿ ನೆಮ್ಮದಿಯಾಗಿ ಒರಗಿ ಕೂತು ಕಾಜಾ ಹೊಲಿದಳು.

ಅಷ್ಟರಲ್ಲಿ ಬಾಗಿಲ ಮುಂದೆ ಬಾಡಿಗೆಯ ಸಾಮಾನುಗಾಡಿಯೊಂದು ನಿಂತಿತು. ಅದೇ ಹೆಂಗಸು ಇಳಿದಳು, ತೋಳಿನ ಮೇಲೆ ಮಡಿಸಿದ ಹೊದಿಕೆ. ಹಿಂದೆ ಅವಳ ಗಂಡ. ಒಂದು ಗೌನು ಒಯ್ಯಲು ಗಾಡಿ ಯಾಕೋ?

“ಇವತ್ತು ಇವರೂ ಒಪ್ಪಿದ್ರು,” ಎಂದಳು ಹೆಂಗಸು. ಅವಳು ನಕ್ಕದ್ದನ್ನು ಒಡತಿ ಅದೇ ಮೊದಲು ನೋಡಿದ್ದು. “ಮನೇಲಿ ಕಿಟಕಿ ಹತ್ರ ಜಾಗ ಮಾಡಿದ್ದೀವಿ.”

ಕಳ್ಳಿಯಲ್ಲ, ಕೊಳ್ಳುವವಳೇ! ಒಡತಿಗೆ ಹೋದ ಜೀವ ಬಂದಂತಾಯಿತು. “ಬನ್ನಿ, ನೋಡಿ. ಸೊಟ್ಟ ಇತ್ತಲ್ಲ, ಎಲ್ಲ ತೆಗೆಸಿದ್ದೀನಿ. ಈಗ ನೆಟ್ಟಗೆ ನಿಂತಿದೆ.”

ಹೆಂಗಸಿನ ಕೈ ಎಡಹೆಗಲಿಗೆ ಹೋಯಿತು. ಅಲ್ಲಿ ಇಳಿಜಾರಿರಲಿಲ್ಲ. ಕೈ ತಡಕಾಡಿತು. ಎರಡೂ ತೋಳಿನಿಂದ ತಬ್ಬಿದಳು, ತೋಳಿನ ನಡುವೆ ಜಾಗ ಉಳಿಯಿತು. ಗೌನಿನ ಹೆಗಲಿಗೆ ಕೆನ್ನೆಯೊತ್ತಿ ಸದ್ದಿಲ್ಲದೆ ಅತ್ತಳು. ನೀಲಿ ಬಟ್ಟೆ ಒದ್ದೆಯಾಯಿತು. ಅವಳ ತಲೆಗೆಣ್ಣೆಯ ವಾಸನೆ ಒಡತಿಯ ಮೂಗಿಗೆ ಬಡಿಯಿತು.

“ಮಗಳ ಮದುವೆಗೆ ಬಟ್ಟೆ ಹೊಲಿಸ್ತಿದ್ವಿ,” ಎಂದ ಗಂಡ, ನೆಲ ನೋಡುತ್ತ. “ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದ್ಲು. ಅಂಗಡಿಗೆ ಬರೋಕಾಗಲ್ಲ ಅಂತ ಆ ದರ್ಜಿನೇ ಮನೆಗೆ ಬಂದು ಅಳತೆ ತಗೊಂಡು, ಗೊಂಬೆಗೆ ಹತ್ತಿ ಒತ್ತಿ ಒತ್ತಿ ಅವಳ ಮೈಯನ್ನೇ ಮಾಡಿದ್ರು. ಬಟ್ಟೆ ಅವಳ ಜೊತೇಲೇ ಹೋಯ್ತು. ದರ್ಜಿ ತೀರ್ಕೊಂಡ ಮೇಲೆ ಗೊಂಬೆ ಎಲ್ಲಿ ಹೋಯ್ತೋ ಅಂತ ಇವಳು ಅಂಗಡಿ ಅಂಗಡಿ ಅಲೆದ್ಲು. ಸಿಕ್ಕಿದ ಮೇಲೂ, ಮನೆಗೆ ತರೋದು ಬೇಡ ಅಂತ ತಡೆದವನು ನಾನೇ.”

ಒಡತಿ ಗೊಂಬೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. “ನಂಗೆ ಗೊತ್ತಿರ್ಲಿಲ್ಲಮ್ಮ.”

“ಹತ್ತಿ?” ತಾಯಿ ತಲೆಯೆತ್ತಿದಳು. “ಸ್ವಲ್ಪನಾದ್ರೂ ಇದೆಯಾ?”

ಕಪಾಟು ಖಾಲಿಯಿತ್ತು. ಒಡತಿ ತನ್ನ ಕುರ್ಚಿಯತ್ತ ನಡೆದಳು. ಬೆಳಗಿನಿಂದ ತಾನು ಒರಗಿ ಕೂತಿದ್ದ ದಿಂಬನ್ನು ಎತ್ತಿ ಎರಡೂ ಕೈಯಿಂದ ಕೊಟ್ಟಳು.

ತಾಯಿ ಅದನ್ನು ಎದೆಗವಚಿಕೊಂಡಳು. ಅವಳ ಅಳು ನಿಂತಿತು. ಗಂಡನ ಕಡೆ ತಿರುಗಿದಳು.

“ರೀ, ಇನ್ನೂ ಬೆಚ್ಚಗಿದ್ದಾಳೆ.”