ಮಲಗಿಸಿದ ಗುಂಡಿ

ಫಿಟ್ಟರ್ ತನ್ನ ಭಾಮೈದನ ಬಲಗೈಯನ್ನು ಎರಡನೆಯ ಸಲ ಪ್ರೆಸ್ಸಿಗೆ ಕೊಟ್ಟ. ಮೊದಲನೆಯ ಸಲ ಕಾರ್ಖಾನೆಯಲ್ಲಿ, ಎರಡನೆಯ ಸಲ ಕನಸಿನಲ್ಲಿ. ಕನಸು ಎಂದು ಅವನಿಗೆ ಗೊತ್ತಿತ್ತು.

ಗೊತ್ತಾಗುವುದೇನೂ ಕಷ್ಟವಲ್ಲ. ಡಬ್ಬಿಯ ಮುಚ್ಚಳ ಹೊಡೆಯುವ ಪ್ರೆಸ್ಸುಗಳು ಕನಸಿನಲ್ಲಿ ಸದ್ದು ಮಾಡುವುದಿಲ್ಲ. ಸದ್ದಿಲ್ಲವಲ್ಲ ಎಂದು ಹೊಳೆದ ಕೂಡಲೇ ಫಿಟ್ಟರ್ ಅಲ್ಲಿಯ ರಾಜ, ನೆನೆದದ್ದೆಲ್ಲ ಆಗುತ್ತದೆ. ಹೋದ ವಾರ ಫೋರ್‌ಮನ್ನನ ಮೀಸೆ ಕಿತ್ತು ಗೋಡೆ ಗಡಿಯಾರದ ಮುಳ್ಳಿಗೆ ಅಂಟಿಸಿದ್ದ. ಮೀಸೆ ಇಡೀ ಪಾಳಿ ಸುತ್ತಿತ್ತು. ಬೆಳಿಗ್ಗೆ ಗೇಟಿನಲ್ಲಿ ಅದನ್ನು ಹೇಳಿದಾಗ ಭಾಮೈದ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದ. ಕೈ ಹೋದಮೇಲೆ ಅವನನ್ನು ಗೇಟಿಗೆ ಹಾಕಿದ್ದರು. ಅಗುಳಿ ಸರಿಸುವುದಕ್ಕೆ ಎಡಗೈ ಸಾಕು ಎಂಬುದು ಆಡಳಿತದವರ ಕರುಣೆ.

ಇವತ್ತು ಪಾಳಿಗೆ ಮುಂಚೆಯೇ ಬರಬೇಕೆಂದು ಫಿಟ್ಟರನಿಗೆ ಹೇಳಿದ್ದರು. ಗೇಟಿನ ಹತ್ತಿರ ಬೇರೆ ಯಾರೂ ಇರಲಿಲ್ಲ.

"ಏನ್ ಭಾವ, ರಾತ್ರಿ ಯಾರ ಮೀಸೆ?" ಸರಳುಗಳ ಆಚೆಯಿಂದ ಭಾಮೈದ ಕೇಳಿದ.

ಫಿಟ್ಟರ್ ನಗಲಿಲ್ಲ. "ನಿನ್ನ ಪ್ರೆಸ್ಸು ಬಂದಿತ್ತು ಕಣೋ. ನೀನೂ ಕೂತಿದ್ದೆ. ಎರಡು ಕೈನೂ ಇತ್ತು."

"ಪರವಾಗಿಲ್ವೇ! ಅಲ್ಲಾದ್ರೂ ಅಂಗಿ ಗುಂಡಿ ಹಾಕಿಸ್ಕೊಳ್ಳೋಕೆ ಅಕ್ಕನ್ನ ಕೂಗೋದು ತಪ್ತು."

"ಫೋರ್‌ಮನ್ ಬಂದ. ಮಲಗಿಸು ಅಂದ."

ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಸಿಕ್ಕಿಬೀಳಲು ಮೂರನೆಯ ಕೈ ಯಾರಿಗೂ ಇಲ್ಲವಲ್ಲ. ಆದರೆ ಒಂದು ಗುಂಡಿಯನ್ನು ಒತ್ತಿಹಿಡಿದು ತಂತಿಯಿಂದ ಬಿಗಿದುಬಿಟ್ಟರೆ, ಒಂದು ಕೈ ತಗಡು ತಳ್ಳುತ್ತಿರಬಹುದು, ಇನ್ನೊಂದು ಒತ್ತುತ್ತಿರಬಹುದು. ಮುಚ್ಚಳಗಳು ದಬದಬ ಬೀಳುತ್ತವೆ. ಹಾಗೆ ಬಿಗಿಯುವುದಕ್ಕೆ ಕಾರ್ಖಾನೆಯಲ್ಲಿ ಬಿಗಿಯುವುದು ಎನ್ನುವುದಿಲ್ಲ. ಮಲಗಿಸುವುದು ಎನ್ನುತ್ತಾರೆ, ಅತ್ತು ಸಾಕಾದ ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ಮೆತ್ತಗೆ.

"ಮಲಗಿಸಿದ್ರಾ?" ಎಂದ ಭಾಮೈದ.

"ಹೂಂ."

"ಕನಸು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಆದ್ರೂ ಬಾಯಿ ತನ್ನಷ್ಟಕ್ಕೆ ಆಯ್ತು ಸಾರ್ ಅಂದ್ಬಿಡ್ತು." ಫಿಟ್ಟರ್ ತಲೆ ತಗ್ಗಿಸಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. "ಇಲ್ಲ, ತನ್ನಷ್ಟಕ್ಕೆ ಅಲ್ಲ. ಆಗಲ್ಲ ಅನ್ಬಹುದು ಅಂತಾನೂ ಹೊಳೀತು. ಯಾಕ್ ಸುಮ್ನೆ ತಲೆನೋವು ಅಂತ... ಇಕ್ಕಳ ತಗೊಂಡೆ."

ಭಾಮೈದ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಫಿಟ್ಟರನಿಗೂ ಎದುರಾಡಲು ಏನಾದರೂ ಸಿಗುತ್ತಿತ್ತು.

"ಅವತ್ತಿನದನ್ನ ನಾನು ಅವತ್ತೇ ಬಿಟ್ಟುಬಿಟ್ಟೆ ಭಾವ. ಆಗಲ್ಲ ಅಂದಿದ್ರೆ ನಿಮ್ಮನ್ನ ಆಚೆ ಹಾಕಿರೋರು. ಅಕ್ಕ ಇದ್ಲು, ಮಕ್ಕಳಿದ್ರು. ಆಸ್ಪತ್ರೇಲಿ ಮಲಗ್ಕೊಂಡು ಅಷ್ಟನ್ನೂ ನಾನೇ ನಿಮ್ಮ ಪರವಾಗಿ ವಾದ ಮಾಡ್ದೆ, ನಾನೇ ಒಪ್ಕೊಂಡೆ. ನಿನ್ನೆ ರಾತ್ರಿ ಯಾರಿದ್ರು? ಆ ಫೋರ್‌ಮನ್ನು ನಿಮ್ಮ ತಲೆಯೊಳಗೇ ಹುಟ್ಟಿದೋನು. ಅವನು ನಿಮ್ಮನ್ನ ಯಾವ ಕೆಲಸದಿಂದ ತೆಗೀತಿದ್ದ?"

"ಕನಸಲ್ಲಿ ಮಾಡಿದ್ದಕ್ಕೆಲ್ಲ ನ್ಯಾಯ ಕೇಳ್ತಾರೇನೋ? ನಿನ್ನ ಕೈಗೇನು ಮತ್ತೆ ನೋವಾಯ್ತಾ?"

ಭಾಮೈದ ಮಡಚಿ ಪಿನ್ನು ಹಾಕಿದ ತೋಳಿನ ಕಡೆ ನೋಡಿಕೊಂಡ. "ಈಗ ಆಗ್ತಿದೆ," ಎಂದ. "ಒಂದು ರಾತ್ರಿ ಕೈ ಉಳಿಸಿಕೊಡಬಹುದಿತ್ತಲ್ಲ ಭಾವ. ನಿಮಗೇನು ಖರ್ಚಾಗ್ತಿತ್ತು?"

ಕನಸೆಂಬ ನೆಪ ಹೇಳಿ ಹಗುರಾಗಲು ಬಂದವನು ಫಿಟ್ಟರ್. ಆ ನೆಪವೇ ಈಗ ಎಲ್ಲಕ್ಕಿಂತ ಭಾರವಾಗಿತ್ತು. ಕನಸಿನಲ್ಲಿ ಭಯ ಇರಲಿಲ್ಲ, ಹೊಟ್ಟೆಪಾಡು ಇರಲಿಲ್ಲ, ಕೇಳುವವರು ಯಾರೂ ಇರಲಿಲ್ಲ, ಇದ್ದವನು ತಾನೊಬ್ಬನೇ. ಆ ಒಬ್ಬನೇ ತಂತಿ ಬಿಗಿದಿದ್ದ.

"ಹೋಗ್ಲಿ ಬಿಡಿ ಅಂತ ಒಂದ್ ಮಾತು ಅನ್ನೋ," ಎಂದು ಬೇಡಿದ.

ಭಾಮೈದ ಅನ್ನಲಿಲ್ಲ. "ಇವತ್ತು ಯಾಕೆ ಇಷ್ಟು ಬೇಗ? ಒಳಗೆ ಏನ್ ಕೆಲಸ?"

"ಮೂರನೇ ಪ್ರೆಸ್ಸು. ಹೊಸದಾಗಿ ಸೇರಿದಾಳಲ್ಲ, ಆಯಮ್ಮಂದು."

"ಏನ್ ಮಾಡ್ಬೇಕಂತೆ?"

ಆ ಪದ ಫಿಟ್ಟರನ ಬಾಯಿಗೆ ಬರಲಿಲ್ಲ. ಅಂಗೈ ಮಗುಚಿ ಗಾಳಿಯಲ್ಲಿ ಮೆಲ್ಲಗೆ ತಟ್ಟಿ ತೋರಿಸಿದ.

ಅಷ್ಟರಲ್ಲಿ ಒಳಗಿನ ಅಂಗಳದಿಂದ ಫೋರ್‌ಮನ್ನನ ಕೂಗು ಬಂತು. "ಏ ಫಿಟ್ಟರ್, ಅಲ್ಲೇನಯ್ಯಾ ಹರಟೆ? ಜನ ಬರೋಕೆ ಮುಂಚೆ ಮುಗೀಬೇಕು ಅಂದಿರಲಿಲ್ವಾ?"

"ಬಂದೆ ಸಾರ್," ಎಂದ ಫಿಟ್ಟರ್. ಹಗಲು ಬೆಳಕಿನಲ್ಲಿ, ಕಣ್ಣು ಪೂರ್ತಿ ತೆರೆದುಕೊಂಡು, ಎಂದುಬಿಟ್ಟ. ತನ್ನ ದನಿ ತನಗೇ ಕೇಳಿಸಿತು. ಭಾಮೈದನಿಗೂ ಕೇಳಿಸಿತು.

"ಗೇಟು ತೆಗಿಯೋ!" ಫೋರ್‌ಮನ್ ಹತ್ತಿರ ಬಂದ.

ಭಾಮೈದ ಎಡಗೈಯನ್ನು ಅಗುಳಿಯ ಮೇಲೆ ಇಟ್ಟ. ಸರಿಸಲಿಲ್ಲ.

"ಕಿವಿ ಕೇಳ್ಸಲ್ವಾ? ಇದೂ ಹೋದ್ರೆ ಒಂದು ಕೈಯೋನಿಗೆ ಎಲ್ಲೂ ಕೆಲಸ ಸಿಗಲ್ಲ, ಗೊತ್ತೇನೋ?"

"ಗೊತ್ತಿದ್ದೇ ಹೇಳ್ತಿದೀನಿ ಸಾರ್. ತೆಗೆಯಲ್ಲ," ಎಂದ ಭಾಮೈದ, ಫೋರ್‌ಮನ್ನನ ಕಡೆ ತಿರುಗದೆ, ಸರಳುಗಳ ಈಚೆ ನಿಂತಿದ್ದ ಭಾವನ ಮುಖವನ್ನೇ ನೋಡುತ್ತ.