ಒಬ್ಬನಿಗಷ್ಟೇ ನಿಧಾನದ ಚೆಂಡು

ನಮ್ಮ ಕಂಪನಿಯ ಕ್ರಿಕೆಟ್ ವಿಡಿಯೋ ಗೇಮ್ ಬಗ್ಗೆ ಒಬ್ಬ ಆಟಗಾರ ದಿನಕ್ಕೆ ಹತ್ತು ದೂರು ಬರೆಯುತ್ತಿದ್ದ. ಬೌಲರ್‌ಗಳ ವೇಗ ವಿಪರೀತವಂತೆ.

“ಅವನ ಅಕೌಂಟಿಗೆ ಮಾತ್ರ ವೇಗ ಇಳಿಸಿಬಿಡಮ್ಮ. ಅವನಿಗೆ ಹೇಳೋಕೆ ಹೋಗ್ಬೇಡ,” ಎಂದರು ಮ್ಯಾನೇಜರ್.

ಚೌಕಾಬಾರದಲ್ಲಿ ಮಗಳಿಗೆ ಬೇಕೆಂದೇ ಸೋಲುವವಳು ನಾನು. ಇದೂ ಹಾಗೇ ಅಂದುಕೊಂಡು ಇಳಿಸಿದೆ. ದೂರುಗಳು ನಿಂತವು.

ಮೂರು ತಿಂಗಳ ನಂತರ ಅವನೇ ಆಫೀಸಿಗೆ ಬಂದ.

“ಮೇಡಂ, ಈಗ ನಾನು ಸೋಲೋದೇ ಇಲ್ಲ. ನಿಜ ಹೇಳಿ, ನನ್ನ ಗೇಮ್‌ನಲ್ಲಿ ಏನಾದ್ರೂ ಬದಲಾಯಿಸಿದ್ರಾ?”

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು.

“ಏನೂ ಇಲ್ಲ. ನಿಮ್ಮ ಕೈ ಪಳಗಿದೆ, ಅಷ್ಟೇ,” ಎಂದೆ, ಅವನ ಮುಖ ನೋಡದೆ.

ಅವನು ಅಲ್ಲೇ ಹೆಂಡತಿಗೆ ಫೋನ್ ಮಾಡಿದ. “ಕೇಳಿದೆ ಕಣೇ, ಎಲ್ಲಾ ನನ್ನದೇ ಆಟವಂತೆ. ಇವತ್ತೇ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಈ ಗೇಮಿನ ಟೂರ್ನಮೆಂಟಿಗೆ ಹೊರಡ್ತೀನಿ.”