ತೊಟ್ಟಿಲ ಸಪ್ಪಳ

ಮನೆಯ ಸೊಸೆಯ ಮುಟ್ಟು ನಿಂತರೆ ತಾನಾಗಿಯೇ ತೂಗುವ ತೊಟ್ಟಿಲು ಓಣಿಯ ಎಲ್ಲ ಮನೆಗಳಲ್ಲಿ ಇರುವಂತೆ ಶಿವಲೀಲಾಳ ಮನೆಯಲ್ಲೂ ಇತ್ತು. ಎಪ್ಪತ್ತು ದಿನಗಳಿಂದ ಅದು ಒಳಕೋಣೆಯಲ್ಲಿ ಕಿರ್ ಕಿರ್ ಎಂದು ತೂಗುತ್ತಲೇ ಇತ್ತು. “ನಮ್ಮ ಸೊಸೀದು ನಿಂತೈತ್ರವಾ!” ಎಂದು ಅತ್ತೆ ನಿಂಬೆವ್ವ ಓಣಿಗೆಲ್ಲ ಸಕ್ಕರೆ ಹಂಚಿ, ಪಡಸಾಲೆಯಲ್ಲಿ ಕೂತು ಆ ಸಪ್ಪಳದ ಲಯಕ್ಕೆ ಪುಟ್ಟ ಕೌದಿ ಹೊಲಿಯುತ್ತಿದ್ದಳು.

“ತೊಟ್ಲಕ್ಕೇನ್ ತಿಳೀತೈತವಾ? ನೀ ಬಸರಿಲ್ಲ, ಮುಟ್ಟು ಏರುಪೇರಾಗೇತಿ,” ಎಂದು ಡಾಕ್ಟರಬಾಯಿ ಹಾರ್ಮೋನಿನ ಗುಳಿಗೆ ಬರೆದುಕೊಟ್ಟಿದ್ದರು. “ಅದು ಸರಿಯಾಗಿ ಬಂದ್ರನ ಮುಂದ ಗರ್ಭ ನಿಲ್ಲೂದು.”

ಅತ್ತೆಗೆ ಹೇಳಲು ಬಾಯಿ ಬರದೆ ಶಿವಲೀಲಾ ಹತ್ತು ದಿನ ಅಡುಗೆಮನೆಯಲ್ಲಿ ಕದ್ದು ಗುಳಿಗೆ ನುಂಗಿದಳು.

ಇಂದು ಮಧ್ಯಾಹ್ನ ಮುಟ್ಟು ಬಂತು. ಬಚ್ಚಲಿಂದ ಹೊರಬರುವಷ್ಟರಲ್ಲಿ, ಡಾಕ್ಟರು ಹೇಳಿದ ಮೇಲೂ ಅವಳು ನಂಬಿಕೊಂಡಿದ್ದ ತೊಟ್ಟಿಲು ನಿಂತುಹೋಗಿತ್ತು.

ಪಡಸಾಲೆಯಿಂದ ಅತ್ತೆ ಕೂಗಿದಳು, “ಯಾಕವಾ, ಸಪ್ಪಳ ಕೇಳವಲ್ದು? ನಿಂತೈತೇನು?”

ಶಿವಲೀಲಾ ಒಳಕೋಣೆಗೆ ಹೋಗಿ, ತೊಟ್ಟಿಲ ಹಗ್ಗ ಹಿಡಿದು ಮೆಲ್ಲಗೆ ಜಗ್ಗಿದಳು. ಕಿರ್ ಕಿರ್.

“ಇಲ್ರಿ ಅತ್ತಿ,” ಎಂದಳು. “ನಿಂತಿಲ್ಲ.”